ಚಿಲಕವಿದ್ದ ಒಂದೇ ಬಾಗಿಲು

ಹೋದ ಸಂಚಿಕೆಯಲ್ಲಿ ನಮ್ಮ ಬಳಗದ ಗೆಳೆಯರೊಬ್ಬರು ಪ್ರಾರ್ಥನೆಯ ಬಗ್ಗೆ ಖಾರವಾಗಿಯೇ ಬರೆದಿದ್ದರು. ಪ್ರಾರ್ಥನೆ ಎಂದರೆ ಮೇಲಿನ ಸಾಹೇಬರಿಗೆ ಹಾಕಿಕೊಳ್ಳುವ ಅರ್ಜಿ. ನಾಲ್ಕು ಜನ ಕೂಡಿ ಹಾಕಿದರೆ ಅದರಲ್ಲಿ ಸ್ವಲ್ಪವಾದರೂ ಸಮಾಜದ ಹಿತ ಇರಬಹುದು, ಒಬ್ಬನೇ ಕೂತು ಹಾಕಿದರೆ ಅದು ಬರೀ ಸ್ವಾರ್ಥ — ಇದು ಅವರ ವಾದದ ಸಾರ. ಓದಿ ನನಗೆ ಸಿಟ್ಟು ಬಂತು. ಆಮೇಲೆ, ಸುಳ್ಳು ಯಾಕೆ ಹೇಳಬೇಕು, ಹೆದರಿಕೆಯೂ ಬಂತು. ಯಾಕೆಂದರೆ ಈ ವಾದಕ್ಕೆ ಉತ್ತರ ಕೊಡಬೇಕಾದ ಮನುಷ್ಯ ನಾನಲ್ಲ ಎಂದು ನನಗೇ ಗೊತ್ತಿತ್ತು. ಆದರೂ ಸಂಪಾದಕರು ‘ನಿನಗೆ ಹೇಳೋದಿದ್ದರೆ ಬರೆದು ಕೊಡು, ಕ್ಯಾಂಟೀನಿನಲ್ಲಿ ಕೂತು ಗೊಣಗಬೇಡ’ ಎಂದಿದ್ದರಿಂದ ಬರೆಯುತ್ತಿದ್ದೇನೆ.

ನಾನು ಕ್ರೈಸ್ತ ಮನೆತನದ ಹುಡುಗ. ಹುಟ್ಟಿದ್ದು ಬೆಟಗೇರಿಯಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಧಾರವಾಡ, ಹುಬ್ಬಳ್ಳಿ ಹಿಡಿದು 1841ರಲ್ಲಿ ಬೆಟಗೇರಿಯಲ್ಲಿ ಠಾಣೆ ಹೂಡಿದರು ಎಂಬುದು ನಮ್ಮ ಕಡೆಯ ಕ್ರೈಸ್ತ ಹುಡುಗರಿಗೆಲ್ಲ ಮಗ್ಗಿಯಂತೆ ಬಾಯಿಪಾಠ. ಹತ್ತನೆಯ ತರಗತಿವರೆಗೆ ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಅಷ್ಟರಲ್ಲಿ ಅಪ್ಪನಿಗೆ ವಾಳೂಜಿನ ಒಂದು ಕಾರಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕು, ಅಪ್ಪ ಅವ್ವ ಇಬ್ಬರೂ ಔರಂಗಾಬಾದಿಗೆ ಹೋದರು (2023ರಿಂದ ಅದು ಛತ್ರಪತಿ ಸಂಭಾಜಿನಗರ, ನಮ್ಮ ಅಪ್ಪನ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಬರುತ್ತದೆ). ಅತ್ತ ಬೆಟಗೇರಿ, ಇತ್ತ ವಾಳೂಜ, ನಡುವೆ ಸೊಲ್ಲಾಪುರ. ಹೀಗಾಗಿ ನಾನು ಇಲ್ಲಿ ಹಾಸ್ಟೆಲಿನಲ್ಲಿದ್ದು ಕಾಮರ್ಸ್ ಓದುತ್ತಿದ್ದೇನೆ. ನಾಸಿಕ್‌ರೋಡಿನಲ್ಲಿ ಅಪ್ಪನ ಅಕ್ಕ ಇದ್ದಾರೆ. ನಮ್ಮ ಅತ್ತಿ. ಈ ಲೇಖನದಲ್ಲಿ ಅವರೇ ನನ್ನ ಮುಖ್ಯ ಸಾಕ್ಷಿ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ನನಗೆ ಚೆನ್ನಾಗಿ ಪ್ರಾರ್ಥನೆ ಮಾಡಲು ಬರುತ್ತದೆ. ನಗಬೇಡಿ. ಕೆಲವರಿಗೆ ಹಾಡು ಬರುತ್ತದೆ, ಕೆಲವರಿಗೆ ಭಾಷಣ. ನನಗೆ ಎದ್ದುನಿಂತು ಕಣ್ಣುಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುವುದು ಚಿಕ್ಕಂದಿನಿಂದ ಬಂದ ವಿದ್ಯೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಿ ಉಸಿರು ಬಿಡಬೇಕು, ‘ಕರ್ತನೇ’ ಎಂಬ ಮಾತನ್ನು ಎಲ್ಲಿ ಎರಡು ಸಲ ಹೇಳಿದರೆ ಹಿಂದಿನ ಸಾಲಿನ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಾರೆ — ಎಲ್ಲ ಗೊತ್ತು. ಯುವಜನರ ಕೂಟಗಳಲ್ಲಿ ಕೊನೆಯ ಪ್ರಾರ್ಥನೆಗೆ ನನ್ನ ಹೆಸರನ್ನೇ ಕರೆಯುತ್ತಾರೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪನ ಕೆಲಸ ಹೋಯಿತು. ಒಂದು ವಿಭಾಗವನ್ನೇ ಮುಚ್ಚಿದರು. ಅಪ್ಪನ ಜೊತೆಯವರೂ ಬಹಳ ಮಂದಿ ಹೊರಗೆ ಬಂದರು. ಕ್ರಿಸ್ಮಸ್ ರಜೆಗೆ ನಾನು ಮನೆಗೆ ಹೋದಾಗ ಅಪ್ಪ ದಿನಾ ಹಳೆಯ ಹೊತ್ತಿಗೇ ಏಳುತ್ತಿದ್ದರು, ಸ್ನಾನ ಮಾಡಿ ಗೀರು ತೆಗೆದು ತಲೆ ಬಾಚಿಕೊಂಡು, ಆಮೇಲೆ ಎಲ್ಲಿಗೂ ಹೋಗದೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂರುತ್ತಿದ್ದರು.

ಆ ವಾರದ ಭಾನುವಾರ ಸಂಜೆ ಪರಿಚಯದವರೊಬ್ಬರ ಮನೆಯಲ್ಲಿ ಕೂಟವಿತ್ತು. ಮೂವತ್ತು ಜನ ಇದ್ದೆವು. ಪ್ರಾರ್ಥನೆಗೆ ನನ್ನನ್ನು ಕರೆದರು. ನಾನು ಎದ್ದು, ಹಸಿದವರಿಗಾಗಿ, ರೋಗಿಗಳಿಗಾಗಿ, ದೇಶದ ನಾಯಕರಿಗಾಗಿ ಕ್ರಮವಾಗಿ ಬೇಡಿಕೊಂಡು, ಕೊನೆಗೆ ದನಿ ಇಳಿಸಿ, ಕೆಲಸ ಕಳೆದುಕೊಂಡು ಮನೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ತಂದೆಯರಿಗಾಗಿ ಬೇಡಿಕೊಂಡೆ. ಕುರ್ಚಿಯನ್ನೂ ಬಿಡಲಿಲ್ಲ, ಬಾಚಿದ ತಲೆಯನ್ನೂ ಬಿಡಲಿಲ್ಲ. ಅಲ್ಲಲ್ಲಿ ಬಿಕ್ಕಿದ ಸದ್ದು ಕೇಳಿತು. ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಆಮೆನ್ ಎಂದು ಕಣ್ಣು ತೆರೆದಾಗ ಎಲ್ಲರೂ ನನ್ನ ಬೆನ್ನು ತಟ್ಟುವವರೇ. ಅಪ್ಪ ಹಿಂದಿನ ಸಾಲಿನಲ್ಲಿ ಇದ್ದರು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಗೊತ್ತಿತ್ತು. ಚಹಾ ಕೊಡುವ ಹೊತ್ತಿಗೆ ನೋಡಿದರೆ ಅಪ್ಪ ಇರಲಿಲ್ಲ. ಅವ್ವನನ್ನೂ ಕರೆಯದೆ ಒಬ್ಬರೇ ಮನೆಗೆ ನಡೆದುಬಿಟ್ಟಿದ್ದರು.

ಮನೆಗೆ ಬಂದಾಗ ಅವರು ಏನೂ ಅನ್ನಲಿಲ್ಲ. ಆ ರಾತ್ರಿ ನಾನು ಮಲಗಿ ಲೆಕ್ಕ ಹಾಕಿದೆ: ಅಪ್ಪನ ಕೆಲಸ ಹೋಗಿ ಆರು ವಾರವಾಗಿತ್ತು. ಆ ಆರು ವಾರದಲ್ಲಿ ನಾನು ಒಬ್ಬನೇ ಕೂತು ಅಪ್ಪನಿಗಾಗಿ ಒಂದು ಸಲವೂ ಪ್ರಾರ್ಥಿಸಿರಲಿಲ್ಲ. ಒಂದೇ ಒಂದು ಸಲ.

ನಮ್ಮ ವಿಷಯದಲ್ಲಿ ಒಂದು ಮಾತಿದೆ. ಕಂಪನಿಯ ಲೆಕ್ಕವನ್ನು ನೋಡುವವರ ಕಣ್ಣಿಗೆ ಚೆಂದ ಕಾಣುವಂತೆ ಸಿಂಗರಿಸುವುದಕ್ಕೆ ‘ವಿಂಡೋ ಡ್ರೆಸಿಂಗ್’ ಎನ್ನುತ್ತಾರೆ. ಅಂಗಡಿಯ ಗಾಜಿನೊಳಗೆ ಒಳ್ಳೆಯ ಸೀರೆ, ಒಳಗಿನ ಗೂಡಿನಲ್ಲಿ ಬರೀ ರಟ್ಟಿನ ಡಬ್ಬಿ. ಪಾಠ ಮಾಡುವಾಗ ಮೇಷ್ಟ್ರು ಇದನ್ನು ಹೇಳಿದಾಗ ಎಲ್ಲರೂ ನಕ್ಕಿದ್ದೆವು. ಅದೇ ಮೇಷ್ಟ್ರು ಹೇಳಿದ ಇನ್ನೊಂದು ಮಾತು: ಕಿರ್ದಿಯಲ್ಲಿ ಬರೆಯದ್ದು ಖಾತೆಗೆ ಬರಲಾರದು. ದಿನದಿನದ ವ್ಯವಹಾರ ಮೊದಲು ಕಿರ್ದಿಗೆ ಇಳಿಯಬೇಕು, ಅಲ್ಲಿಂದ ಖಾತೆಗೆ, ಖಾತೆಯಿಂದ ತಾಳೆಪಟ್ಟಿಗೆ. ಕಿರ್ದಿಯನ್ನು ಗಿರಾಕಿ ನೋಡುವುದಿಲ್ಲ, ಅದಕ್ಕೆ ಚೆಂದದ ಅಕ್ಷರವೂ ಬೇಕಿಲ್ಲ. ನನ್ನದು ಕಿರ್ದಿಯೇ ಇಲ್ಲದ ತಾಳೆಪಟ್ಟಿಯಾಗಿತ್ತು.

ಯೇಸು ಈ ರೋಗವನ್ನು ಚೆನ್ನಾಗಿ ಬಲ್ಲವನಾಗಿದ್ದ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಬೆಟ್ಟದ ಮೇಲಿನ ಉಪದೇಶದ ನಟ್ಟನಡುವೆ, ಅವನು ಬೀದಿಯ ಮೂಲೆಗಳಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸುವವರ ಮಾತೆತ್ತುತ್ತಾನೆ. ಅವರಿಗೆ ಸಿಗಬೇಕಾದ ಕೂಲಿ ಆಗಲೇ ಸಿಕ್ಕಿಹೋಗಿದೆ ಎನ್ನುತ್ತಾನೆ. ಅಂದರೆ ಲೆಕ್ಕ ಚುಕ್ತಾ! ನೀನು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊ, ಗುಟ್ಟಿನಲ್ಲಿ ನೋಡುವ ತಂದೆಯ ಜೊತೆ ಮಾತಾಡು ಎಂದು ಅವನು ಹೇಳುವುದು ಇದಾದ ಮೇಲೆ. ಇಂದಿನ ಬೀದಿಮೂಲೆ ಯಾವುದು ಎಂದು ನನ್ನನ್ನು ಕೇಳಿದರೆ ಫೋನನ್ನು ತೋರಿಸುತ್ತೇನೆ. ನಮ್ಮ ಯುವಜನರ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಪ್ರಾರ್ಥನೆಗಳ ಸುರಿಮಳೆ. ಒಂದಕ್ಕೆ ಇಪ್ಪತ್ತು ಕೈಮುಗಿದ ಚಿತ್ರ. ನಾನೂ ಹಾಕಿದ್ದೇನೆ, ಎಷ್ಟು ಕೈ ಬಂತು ಎಂದು ಎಣಿಸಿಯೂ ಇದ್ದೇನೆ.

ಇಲ್ಲಿ ಒಂದು ತಕರಾರು ಬರುತ್ತದೆ, ಅದು ನ್ಯಾಯವಾದದ್ದೇ. ಒಳಕೋಣೆ ಎಲ್ಲಿದೆ ಸ್ವಾಮಿ? ನಮ್ಮ ಹಾಸ್ಟೆಲಿನ ಒಂದು ಖೋಲಿಯಲ್ಲಿ ನಾಲ್ಕು ಮಂಚ. ವಾಳೂಜಿನಲ್ಲಿ ನಮ್ಮದು ಒಂದೂವರೆ ಖೋಲಿಯ ಮನೆ. ಬಾಗಿಲು ಹಾಕಿಕೊಂಡು ದೇವರ ಜೊತೆ ಮಾತಾಡು ಎನ್ನುವುದು ಬಂಗಲೆಯವರಿಗೆ ಹೇಳಿದ ಮಾತೇ? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನಾಸಿಕದಲ್ಲಿ.

ಈ ಬೇಸಿಗೆ ರಜೆಗೆ ನಾನು ಮನೆಗೆ ಹೋಗಲಿಲ್ಲ. ಅಪ್ಪನ ಮುಖ ನೋಡಲು ಆಗದೆ, ಓದುವ ನೆವ ಹೇಳಿ ನಾಸಿಕ್‌ರೋಡಿನ ಅತ್ತಿಯ ಮನೆಗೆ ಹೋದೆ. ಅತ್ತಿ ಒಂದು ದವಾಖಾನೆಯಲ್ಲಿ ಆಯಾ. ಮಾಮ ತೀರಿಕೊಂಡಿದ್ದಾರೆ. ಮಗ, ಸೊಸೆ, ಎರಡು ಮೊಮ್ಮಕ್ಕಳು, ಸೊಸೆಯ ತಾಯಿ, ಇವರೊಂದಿಗೆ ಅತ್ತಿ. ನಾನು ಹೋದ ಮೇಲೆ ಏಳು ಜನ, ಎರಡು ಖೋಲಿ. ನಾನು ಅಡಿಗೆ ಖೋಲಿಯ ಹೊಸ್ತಿಲ ಬಳಿ ಮಲಗುತ್ತಿದ್ದೆ. ನಾಲ್ಕು ಗಂಟೆಗೆ ನಳ ಬರುತ್ತದೆ. ಅತ್ತಿ ಎದ್ದು, ನನ್ನನ್ನು ದಾಟಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ನೀರು ಬಕೆಟ್ಟಿಗೆ ಬೀಳುವ ಸದ್ದು. ಆ ಸದ್ದಿನ ಕೆಳಗೆ ಏನೋ ಗುನುಗುನು. ನಲ್ಲಿ ನಿಂತ ಮೇಲೂ ಹತ್ತು ಹದಿನೈದು ನಿಮಿಷ ಬಾಗಿಲು ತೆರೆಯುತ್ತಿರಲಿಲ್ಲ.

ಮೂರನೆಯ ದಿನ ಕೇಳಿಯೇಬಿಟ್ಟೆ. “ಅತ್ತಿ, ಬಚ್ಚಲದಾಗ ಅಷ್ಟೊತ್ತು ಯಾರ ಕೂಡ ಮಾತಾಡ್ತೀರಿ?”

“ಇನ್ಯಾರ ಕೂಡ ಮಾತಾಡಲಿ ತಮ್ಮಾ. ಈ ಮನ್ಯಾಗ ಚಿಲಕ ಇರೋ ಬಾಗಲಾ ಅದೊಂದ ನೋಡು.”

ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಾರೆ. ಮೊಣಕಾಲು ನೋವಿರುವುದರಿಂದ ಮೊಣಕಾಲೂರಲು ಆಗುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆಯಂತೆ. ಸೊಸೆಗೆ ಗೊತ್ತಿಲ್ಲ, ಮೊಮ್ಮಕ್ಕಳಿಗೆ ಗೊತ್ತಿಲ್ಲ; ಅಜ್ಜಿ ನೀರು ತುಂಬುತ್ತಾಳೆ ಎಂದು ತಿಳಿದಿದ್ದಾರೆ.

ಆಮೇಲೆ ಊರಿನ ನಮ್ಮ ಸಭಾಪಾಲಕರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕು ಒಂದು ವಿಷಯ ತಿಳಿಸಿದರು. ನಾವು ಒಳಕೋಣೆ ಎಂದು ಓದುವ ಕಡೆ ಮೂಲ ಗ್ರೀಕಿನಲ್ಲಿರುವ ಮಾತಿಗೆ ಉಗ್ರಾಣ ಎಂಬ ಅರ್ಥವೂ ಇದೆಯಂತೆ. ಕಾಳುಕಡಿ, ಎಣ್ಣೆ ಇಡುವ ಜಾಗ. ಬಡವರ ಮನೆಯಲ್ಲಿ ಬಾಗಿಲು ಭದ್ರ ಇರುವುದು ಅಲ್ಲಿಗೆ ಮಾತ್ರ ತಾನೆ! ಯೇಸು ಮಾತಾಡಿದ್ದು ಬಂಗಲೆಯವರ ಎದುರಿಗಲ್ಲ, ಗಲಿಲಾಯದ ಬೆಸ್ತರು ಬೇಸಾಯಗಾರರ ಎದುರಿಗೆ. ಅವನಿಗಾದರೂ ತನ್ನದೆಂಬ ಕೋಣೆ ಎಲ್ಲಿತ್ತು? ಮಾರ್ಕನು ಬರೆದ ಪ್ರಕಾರ, ಇನ್ನೂ ಕತ್ತಲಿರುವಾಗಲೇ ಎದ್ದು ಊರ ಹೊರಗಿನ ಅಡವಿಗೆ ಹೋಗಿ ಪ್ರಾರ್ಥಿಸುತ್ತಿದ್ದ. ಶಿಷ್ಯರು ಹುಡುಕಿಕೊಂಡು ಹೋಗಬೇಕಾಯಿತು. ಹಳೆಯ ಒಡಂಬಡಿಕೆಯ ಹನ್ನಳಿಗೆ ಅಡವಿಯೂ ಇಲ್ಲ. ಜನ ತುಂಬಿದ ದೇವಾಲಯದಲ್ಲೇ ನಿಂತು, ದನಿ ಹೊರಗೆ ಬಾರದಂತೆ ಬರೀ ತುಟಿ ಅಲ್ಲಾಡಿಸಿ ಬೇಡಿಕೊಂಡಳು. ಯಾಜಕ ಅವಳನ್ನು ಕುಡಿದವಳೆಂದು ತಿಳಿದ. ಅವಳ ಕೋಣೆ ಅವಳ ತುಟಿಯ ಹಿಂದೆಯೇ ಇತ್ತು. ಆದ್ದರಿಂದ ಬಾಗಿಲು ಎನ್ನುವುದು ಮರದ್ದೇ ಆಗಬೇಕಿಲ್ಲ, ನೋಡುವವರನ್ನು ಹೊರಗಿಡುವ ಯಾವುದಾದರೂ ಸಾಕು ಎಂದು ನಾನು ತಿಳಿದುಕೊಂಡಿದ್ದೇನೆ.

ನಾಸಿಕದ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲಾರೆ. ಒಂದು ಭಾನುವಾರ ಅತ್ತಿ ನನ್ನನ್ನು ನಗರದೊಳಗಿನ ಶರಣಪುರಕ್ಕೆ ಕರೆದುಕೊಂಡು ಹೋದರು. ಹೆಸರು ಕೇಳಿದರೆ ನಮ್ಮವರಿಗೆ ಬಸವಣ್ಣನವರ ಶರಣರು ನೆನಪಾಗುತ್ತಾರೆ; ಇದು ಆಸರೆಯ ಊರು ಎಂಬ ಅರ್ಥದ ಶರಣಪುರ. 1850ರ ದಶಕದಲ್ಲಿ ಚರ್ಚ್ ಮಿಶನರಿ ಸೊಸೈಟಿಯವರು ಕ್ರೈಸ್ತರಾದವರಿಗಾಗಿ ಕಟ್ಟಿದ ವಸತಿ. ಇಂದು ಸುತ್ತ ಅಂಗಡಿ, ಬ್ಯಾಂಕು, ವಾಹನಗಳ ಗದ್ದಲ. ಒಂದು ಕಾಲಕ್ಕೆ ಇಲ್ಲಿ ಆಫ್ರಿಕದ ಮಕ್ಕಳಿದ್ದರು ಎಂದರೆ ನಂಬುತ್ತೀರಾ? ಅರಬ್ಬೀ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳನ್ನು ಇಂಗ್ಲಿಷರ ನೌಕಾಪಡೆ ಹಿಡಿದಾಗ, ಬಿಡಿಸಿದ ಮಕ್ಕಳಲ್ಲಿ ಕೆಲವರನ್ನು ಮುಂಬಯಿಗೆ ತಂದು, ಅಲ್ಲಿಂದ ಶರಣಪುರದ ಶಾಲೆಗೆ ಕಳಿಸುತ್ತಿದ್ದರು. ಓದು ಬರಹದ ಜೊತೆ ಬಡಿಗತನ, ಕಮ್ಮಾರಿಕೆ ಕಲಿಸುತ್ತಿದ್ದರು. ‘ನಾಸಿಕದ ಹುಡುಗರು’ ಎಂದೇ ಇವರು ಇತಿಹಾಸದಲ್ಲಿ ಹೆಸರಾಗಿದ್ದಾರೆ. 1866ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ತನ್ನ ಕೊನೆಯ ಆಫ್ರಿಕಯಾತ್ರೆಗೆ ಹೊರಟಾಗ ಈ ಶಾಲೆಯ ಒಂಬತ್ತು ಜನ ಅವನೊಡನೆ ಹೋದರು. 1872ರಲ್ಲಿ ಇನ್ನಷ್ಟು ಜನ ಹೋಗಿ ಸೇರಿದರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್, ಯಾವೊ ಕುಲದ ಹುಡುಗ.

1873ರ ಮೇ ತಿಂಗಳ ಮೊದಲ ದಿನ, ಈಗಿನ ಜಾಂಬಿಯಾ ದೇಶದ ಚಿತಾಂಬೋ ಎಂಬವನ ಹಳ್ಳಿಯಲ್ಲಿ, ನಸುಕಿನಲ್ಲಿ, ಗುಡಿಸಲೊಳಗೆ ಹೋದ ಅನುಚರರು ಕಂಡದ್ದು ಇದು: ಲಿವಿಂಗ್‌ಸ್ಟನ್ ಮಂಚದ ಪಕ್ಕದಲ್ಲಿ ಮೊಣಕಾಲೂರಿ, ತಲೆದಿಂಬಿನ ಮೇಲೆ ಎರಡೂ ಕೈಯಲ್ಲಿ ಮುಖ ಹುದುಗಿಸಿಕೊಂಡಿದ್ದ. ಪ್ರಾರ್ಥಿಸುತ್ತಿದ್ದಾನೆಂದು ಅವರು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತರು. ಆಮೇಲೆ ಮುಟ್ಟಿ ನೋಡಿದರೆ ಮೈ ತಣ್ಣಗಾಗಿತ್ತು. ಇದನ್ನು ಹೇಳಿದವರು ಅವರೇ, ಬೇರೆ ಸಾಕ್ಷಿಯಿಲ್ಲ. ಅವನ ಹೃದಯವನ್ನು ಅಲ್ಲೇ ಒಂದು ಮರದ ಕೆಳಗೆ ಹೂಳಿದರು. ಸಮಾಧಿಯ ಪ್ರಾರ್ಥನೆಯನ್ನು ಓದಿದವನು, ಮರದ ಮೇಲೆ ಅಕ್ಷರ ಕೊರೆದವನು ನಮ್ಮ ನಾಸಿಕದ ಶಾಲೆಯ ಜೇಕಬ್. ಚೂಮಾ, ಸೂಸಿ ಮೊದಲಾದವರ ಮುಂದಾಳುತನದಲ್ಲಿ ಆ ತಂಡ ಒಣಗಿಸಿದ ದೇಹವನ್ನು ಹೊತ್ತು, ಒಂಬತ್ತು ತಿಂಗಳ ಮೇಲೆ 1874ರ ಫೆಬ್ರುವರಿಯಲ್ಲಿ ಬಗಮೋಯೊ ಕಡಲತೀರ ಮುಟ್ಟಿತು. ಅದೇ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾದಾಗ ಶವಪೆಟ್ಟಿಗೆಯ ಪಕ್ಕದಲ್ಲಿ ನಡೆದವರಲ್ಲಿ ಜೇಕಬನೂ ಇದ್ದ.

ಈ ಕಥೆಯನ್ನು ಚರ್ಚುಗಳಲ್ಲಿ ಹೇಳುವಾಗ ಲಿವಿಂಗ್‌ಸ್ಟನ್ ದೊರೆಯ ಭಕ್ತಿಯನ್ನು ಹೊಗಳುತ್ತಾರೆ. ಹೊಗಳಲಿ. ನನ್ನ ಮನಸ್ಸು ನಿಲ್ಲುವುದು ಬಾಗಿಲಲ್ಲಿ ನಿಂತ ಆ ಜನರ ಹತ್ತಿರ. ಜ್ವರ, ರಕ್ತಸ್ರಾವದಲ್ಲಿ ಕಾಲೂರಲಾರದೆ ಡೋಲಿಯಲ್ಲಿ ಹೊತ್ತು ತಂದ ಮನುಷ್ಯ ರಾತ್ರಿ ಯಾರೂ ನೋಡದಾಗ ಮಂಚದಿಂದ ಇಳಿದು ಮೊಣಕಾಲೂರಿದ್ದಾನೆ. ಅವನು ಯಾರಿಗೆ ತೋರಿಸಬೇಕಾಗಿತ್ತು? ಏನು ಕೇಳಿಕೊಂಡ ಎಂಬುದು ಅವನ ಜೊತೆಗೇ ಹೋಯಿತು. ಯಾವ ಪುಸ್ತಕದಲ್ಲೂ ಇಲ್ಲ. ಆ ಕೇಳದ ಪ್ರಾರ್ಥನೆ, ಮತ್ತೆ ಜೇಕಬ್ ಎಲ್ಲರೆದುರು ಗಟ್ಟಿಯಾಗಿ ಓದಿದ ಪ್ರಾರ್ಥನೆ, ಎರಡೂ ಒಂದೇ ಮುಂಜಾವಿನ ಕಥೆಯೊಳಗಿವೆ. ನಾನು ಸಭೆಯ ಪ್ರಾರ್ಥನೆ ಬೇಡ ಎನ್ನುವವನಲ್ಲ ಎಂಬುದಕ್ಕೆ ಇಷ್ಟು ಸಾಕು. ಮನುಷ್ಯನನ್ನು ಮಣ್ಣಿಗಿಡುವಾಗ ನಾಲ್ಕು ಜನ ಕೂಡಿ ಮಾತಾಡಲೇಬೇಕು. ಫೆಬ್ರುವರಿಯಲ್ಲಿ ನಾಸಿಕ್‌ರೋಡಿನ ಬಾಲಯೇಸುವಿನ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಾರೆ. ಆ ಗದ್ದಲದಲ್ಲೂ ದೇವರಿದ್ದಾನೆಂದು ನಮ್ಮ ಅತ್ತಿ ನಂಬುತ್ತಾರೆ. ಪ್ರಾಟೆಸ್ಟೆಂಟರಾಗಿದ್ದೂ ಮೇಣದ ಬತ್ತಿ ಹಚ್ಚಿ ಬರುತ್ತಾರೆ!

ಇನ್ನು ಸ್ವಾರ್ಥದ ಮಾತು. ಒಬ್ಬನೇ ಮಾಡುವ ಪ್ರಾರ್ಥನೆ ತನ್ನೊಳಗೇ ಸುತ್ತುತ್ತದೆ, ಲೋಕ ಮರೆಸುತ್ತದೆ ಎಂದು ಗೆಳೆಯರು ಬರೆದಿದ್ದಾರೆ. ನಾಸಿಕದ ಬಳಿಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಲಕ್ಷ್ಮೀಬಾಯಿ ಟಿಳಕರ ಜೀವನವನ್ನು ಅವರು ನೋಡಬೇಕು. ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಮರಾಠಿಯಲ್ಲಿ 1934ರಿಂದ ಭಾಗ ಭಾಗವಾಗಿ ಬಂತು. ನಮ್ಮ ಸೊಲ್ಲಾಪುರದ ಮರಾಠಿ ಗೆಳೆಯರಲ್ಲಿ ಅದರ ಹೆಸರು ಕೇಳದವರಿಲ್ಲ. ಅವರ ತಂದೆಗೆ ಮಡಿಮೈಲಿಗೆಯ ಹುಚ್ಚು. ಗಂಡ ನಾರಾಯಣ ವಾಮನ ಟಿಳಕ ಕವಿ. 1893ರಲ್ಲಿ ರೈಲಿನಲ್ಲಿ ಸಿಕ್ಕ ಅಪರಿಚಿತ ದೊರೆಯೊಬ್ಬ ಅವರಿಗೆ ಹೊಸ ಒಡಂಬಡಿಕೆ ಕೊಟ್ಟ. ಬೆಟ್ಟದ ಮೇಲಿನ ಉಪದೇಶ ಓದಿ ಟಿಳಕರ ಮನಸ್ಸು ಅದಕ್ಕೆ ಅಂಟಿಕೊಂಡಿತು. ಬಾಗಿಲು ಹಾಕಿಕೊ ಎಂಬ ಮಾತಿರುವುದೂ ಆ ಉಪದೇಶದಲ್ಲೇ ಎಂಬುದನ್ನು ನೆನಪಿಡಿ. 1895ರಲ್ಲಿ ಮುಂಬಯಿಯಲ್ಲಿ ಅವರು ದೀಕ್ಷಾಸ್ನಾನ ಹೊಂದಿದರು. ಹೆಂಡತಿಯ ಮೇಲೆ ಆಕಾಶ ಕಳಚಿ ಬಿತ್ತು. ವರ್ಷಗಳ ಕಾಲ ಬೇರೆ ಇದ್ದು, ಆಮೇಲೆ ಗಂಡನಿದ್ದಲ್ಲಿಗೆ ಬಂದರೂ ಬೇರೆ ಒಲೆ, ಬೇರೆ ನೀರು. ಕೊನೆಗೆ ಅವರ ಮನಸ್ಸು ತಿರುಗಿದ್ದು ಯಾವ ಪಾದ್ರಿಯ ವಾದದಿಂದಲೂ ಅಲ್ಲ. ಜಾತಿಯನ್ನು ದೇವರು ಮಾಡಿದನೋ ಮನುಷ್ಯರು ಮಾಡಿದರೋ ಎಂದು ತಮ್ಮೊಳಗೇ ಒಬ್ಬರೇ ಹೋರಾಡಿ, ಇದು ಮನುಷ್ಯರ ಕೆಲಸ ಎಂದು ತೀರ್ಮಾನಿಸಿ, ಇನ್ನು ಯಾರ ಕೈಯ ಅನ್ನನೀರಾದರೂ ತಗೊಳ್ಳುತ್ತೇನೆಂದು ಎದ್ದರು. 1900ರಲ್ಲಿ ದೀಕ್ಷಾಸ್ನಾನ ಆಮೇಲೆ ಬಂತು. ನಾಲ್ಕು ಜನರೆದುರು ಅವರಿಂದ ಇದನ್ನು ಮಾಡಿಸಲು ನೋಡಿದ್ದರೆ ಆಗುತ್ತಿತ್ತೇ? ಜನರೆದುರು ನಾವು ನಮ್ಮ ಹಳೆಯ ಮಾತಿಗೇ ಜೋತುಬೀಳುತ್ತೇವೆ, ಮರ್ಯಾದೆಯ ಪ್ರಶ್ನೆ ಬರುತ್ತದೆ. ಒಬ್ಬರೇ ಇದ್ದಾಗ ಸೋಲಬಹುದು. ಹಾಗೆ ಒಳಗೆ ಸೋತ ಹೆಂಗಸು ಹೊರಗೆ ಬಂದು ಎಲ್ಲರ ಪಂಕ್ತಿಯಲ್ಲಿ ಕೂತರು. ಇದರಲ್ಲಿ ಸ್ವಾರ್ಥ ಎಲ್ಲಿದೆ, ಗೆಳೆಯರು ತೋರಿಸಲಿ.

(ಪಂಡಿತಾ ರಮಾಬಾಯಿಯವರ ಹೆಸರನ್ನೂ ಹೇಳಬೇಕು. ನಮ್ಮ ಕಾರ್ಕಳದ ಕಡೆಯ ಘಟ್ಟದ ಕಾಡಿನಲ್ಲಿ ಹುಟ್ಟಿದವರು. 1922ರಲ್ಲಿ ತೀರಿಕೊಳ್ಳುವವರೆಗೆ ಕೇಡಗಾಂವದಲ್ಲಿ ವಿಧವೆಯರನ್ನೂ ಬರಗಾಲದ ಅನಾಥ ಹೆಣ್ಣುಮಕ್ಕಳನ್ನೂ ಸಾಕಿದರು. ಪ್ರಾರ್ಥನೆ ಮಾಡುವವರು ಕೆಲಸ ಮಾಡುವುದಿಲ್ಲ ಎನ್ನುವವರಿಗೆ ಆ ಒಂದು ಊರು ಸಾಕು. ಅವರ ಬಗ್ಗೆ ಬೇರೆಯೇ ಬರೆಯಬೇಕು, ಹಾಳೆ ಸಾಲದು.)

ಕನ್ನಡ ಬಳಗದ ಪತ್ರಿಕೆಯಾದ್ದರಿಂದ ಭಾಷೆಯ ಒಂದು ಮಾತು. ಅತ್ತಿಯ ಚರ್ಚಿನಲ್ಲಿ ಆರಾಧನೆ ಮರಾಠಿಯಲ್ಲಿ. ದವಾಖಾನೆಯಲ್ಲಿ ಹಿಂದಿ. ಮೊಮ್ಮಕ್ಕಳ ಜೊತೆ ಮರಾಠಿ, ಅದಕ್ಕೆ ಇಂಗ್ಲಿಷಿನ ಒಗ್ಗರಣೆ. ಸೊಸೆಗೆ ಕನ್ನಡ ಬಾರದು. ಹಾಗಾದರೆ ಅತ್ತಿಯ ಕನ್ನಡ ಎಲ್ಲಿ ಉಳಿದಿದೆ? ಬೋರಲು ಬಕೆಟ್ಟಿನ ಮೇಲೆ ಉಳಿದಿದೆ. ಒಂದು ದಿನ ಬಾಗಿಲ ಹತ್ತಿರ ಮಲಗಿದ್ದ ನನ್ನ ಕಿವಿಗೆ ಎರಡು ಮಾತು ಬಿದ್ದುಬಿಟ್ಟವು. ಅದು ಸತ್ಯವೇದದ ಕನ್ನಡವಲ್ಲ. ‘ಕರ್ತನೇ’ ಇಲ್ಲ, ‘ಅನುಗ್ರಹಿಸು’ ಇಲ್ಲ. ಪೇಟೆಯಲ್ಲಿ ಅಣ್ಣನಿಗೆ ಎದುರಾಡುವಂಥ ಬೆಟಗೇರಿಯ ಕನ್ನಡ: ಎಷ್ಟ ಸಲಾ ಹೇಳಬೇಕು ನಿನಗ, ನನ್ನ ತಮ್ಮನ ಕಡೆ ಒಂದೀಟ ನೋಡು. ಮುಂದೆ ನಾನು ಕೇಳಬಾರದೆಂದು ಚಾದರ ತಲೆಗೆಳೆದುಕೊಂಡೆ. ಆ ತಮ್ಮ ಯಾರು? ನಮ್ಮ ಅಪ್ಪ. ಕೂಟದಲ್ಲಿ ನಾನು ‘ಕೆಲಸ ಕಳೆದುಕೊಂಡ ತಂದೆಯರು’ ಎಂದು ಬಹುವಚನದಲ್ಲಿ ಬೇಡಿಕೊಂಡಿದ್ದೆ. ಅತ್ತಿ ಏಕವಚನದಲ್ಲಿ ಬೇಡುತ್ತಿದ್ದರು, ದೇವರನ್ನೂ ಏಕವಚನದಲ್ಲೇ ಗದರಿಸುತ್ತಿದ್ದರು.

ಮರುದಿನ ಅತ್ತಿಗೆ ಎರಡು ಪಾಳಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನಾನೂ ಆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ನನ್ನ ರೂಢಿಯಂತೆ ಶುರುಮಾಡಿದೆ, ‘ಪರಲೋಕದಲ್ಲಿ ವಾಸವಾಗಿರುವ’ ಎಂದು. ಮುಂದೆ ಹೋಗಲಿಲ್ಲ. ಕೇಳುವವರಿಲ್ಲದೆ ನನ್ನ ದನಿ ನನಗೇ ನಾಟಕದ ದನಿಯಂತೆ ಕೇಳಿಸಿತು. ಹತ್ತು ನಿಮಿಷ ಸುಮ್ಮನೆ ಕೂತೆ. ಸೋಪಿನ ಡಬ್ಬಿ ನೋಡಿದೆ. ಎದ್ದು ಹೋಗಬೇಕೆನ್ನುವಷ್ಟರಲ್ಲಿ ಬಾಯಿಂದ ಬಂದ ಮಾತು ನನ್ನನ್ನೇ ಗಾಬರಿಪಡಿಸಿತು: ನನಗ ನಮ್ಮಪ್ಪನ್ನ ನೋಡಿದರ ನಾಚಿಕಿ ಆಗತೈತಿ. ಅದೇ ನಿಜವಾಗಿತ್ತು. ಕಾಲೇಜಿನಲ್ಲಿ ಯಾರಾದರೂ ‘ತಂದೆ ಏನು ಮಾಡುತ್ತಾರೆ’ ಎಂದರೆ ನಾನು ಇನ್ನೂ ಕಾರಖಾನೆಯ ಹೆಸರನ್ನೇ ಹೇಳುತ್ತಿದ್ದೆ. ಅಪ್ಪನ ಮೇಲೆ ಕನಿಕರ ತೋರಿಸಿ ಮೂವತ್ತು ಜನರನ್ನು ಅಳಿಸಿದವನಿಗೆ ಅಪ್ಪನ ಮೇಲಿದ್ದದ್ದು ಕನಿಕರವಲ್ಲ, ಸಿಟ್ಟು.

ಗೆಳೆಯರು ಪ್ರಾರ್ಥನೆಯನ್ನು ಅರ್ಜಿ ಎಂದರು. ನಾನು ಅಂದು ಅರ್ಜಿ ಹಾಕಲಿಲ್ಲ. ಕಿರ್ದಿಯಲ್ಲಿ ಮೊದಲ ಬಾಬತ್ತು ಬರೆದೆ, ಅದೂ ಸಾಲದ ಬಾಬತ್ತು. ‘ಅದನ್ನು ದೇವರಿಲ್ಲದೆಯೂ ಮಾಡಬಹುದಲ್ಲ, ಒಬ್ಬನೇ ಕೂತು ಯೋಚಿಸಿದರಾಯಿತು’ ಎಂದು ಅವರು ಕೇಳಬಹುದು. ಮಾಡಬಹುದೇನೋ. ನಾನು ಆರು ತಿಂಗಳು ಒಬ್ಬನೇ ಯೋಚಿಸಿದ್ದೆ. ಯೋಚಿಸಿದಾಗಲೆಲ್ಲ ನನ್ನ ಪರವಾಗಿಯೇ ತೀರ್ಪಾಗುತ್ತಿತ್ತು. ಎದುರಿಗೆ ಒಬ್ಬನಿದ್ದಾನೆ, ಅವನಿಗೆ ಮೊದಲೇ ಗೊತ್ತಿದೆ ಎಂದುಕೊಂಡು ಬಾಯಿ ಬಿಟ್ಟಾಗ ಮಾತ್ರ ಸುಳ್ಳು ಹೇಳಲು ಆಗಲಿಲ್ಲ. ಕೂಟದವರನ್ನು ಅಳಿಸಬಹುದು, ಅವನನ್ನು ಹೇಗೆ ಅಳಿಸುವುದು?

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಕೆಲಸ ಹೋದವನಿಗೆ ಪ್ರಾರ್ಥನೆ ಕೆಲಸ ಕೊಡಿಸುತ್ತದೆ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ನನಗೂ ಆಗದು. ಅಪ್ಪನ ಬಾಕಿ ಹಣಕ್ಕೆ ಓಡಾಡಿದವರು ಯೂನಿಯನ್ನಿನವರು. ಅವರಲ್ಲಿ ಇಬ್ಬರು ದೇವರನ್ನೇ ನಂಬದವರು. ಅವರ ಉಪಕಾರವನ್ನು ದೇವರ ಖಾತೆಗೆ ಬರೆದು ಅವರ ಹೆಸರು ಅಳಿಸಿಹಾಕುವುದು ಕೂಡ ಒಂದು ಬಗೆಯ ಸುಳ್ಳು ಲೆಕ್ಕ.

ಜೂನ್ ಮೊದಲ ವಾರ ನಾಸಿಕದಿಂದ ಬಸ್ಸು ಹಿಡಿದೆ. ಯೇವಲೆ, ವೈಜಾಪುರ ದಾಟಿ ಹೋಗುವ ಆ ರಸ್ತೆಯಲ್ಲಿ ಇನ್ನೂ ಮಳೆ ಬಿದ್ದಿರಲಿಲ್ಲ. ಮನೆ ಮುಟ್ಟಿದಾಗ ಅಪ್ಪ ಒಬ್ಬರೇ ಇದ್ದರು. ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸ ಸಿಕ್ಕಿತ್ತು, ಮೊದಲಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸ್ಪ್ಯಾನರುಗಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು.

“ಅಪ್ಪಾ, ಅವತ್ತ ನಂದು ತಪ್ಪಾತು” ಎಂದೆ.

“ಯಾವತ್ತ?” ಎಂದರು. ಅವರಿಗೆ ಗೊತ್ತಿತ್ತು. ಒಂದು ಸ್ಪ್ಯಾನರು ಒರೆಸಿ ಮುಗಿಸಿದರು, ಇನ್ನೊಂದನ್ನು ತಗೊಂಡರು. “ನಿಮ್ಮತ್ತಿ ಮೊಣಕಾಲ ಹ್ಯಾಂಗೈತಿ?”

“ನೋವು ಹಂಗ ಐತ್ರಿ.”

“ಚಾ ಇಡು. ನಿಮ್ಮವ್ವ ಬರೂ ಹೊತ್ತಾತು.”

ಚಹಾ ಇಟ್ಟೆ. ಕುಡಿದ ಮೇಲೆ ಅವರ ಪಕ್ಕದಲ್ಲಿ ಕೂತು ನಾನೂ ಎರಡು ಸ್ಪ್ಯಾನರು ಒರೆಸಿದೆ.

ಈಗ ಹಾಸ್ಟೆಲಿನಲ್ಲಿ ನನ್ನ ಮಂಚದ ಪಕ್ಕದ ಗೆಳೆಯ ಅಕ್ಕಲಕೋಟೆ ಕಡೆಯವ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಮೂರು ಜನ ಹಲ್ಲುಜ್ಜುತ್ತ ಗಲಾಟೆ ಮಾಡುತ್ತಿರುವ ಖೋಲಿಯಲ್ಲೇ ಗೋಡೆಗೆ ಮುಖ ಮಾಡಿ ಕೂತು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೋಡುತ್ತಿರುತ್ತಾನೆ. ಎರಡು ವರ್ಷ ಅವನ ಬೆನ್ನನ್ನೇ ನೋಡಿದ್ದರೂ ಅವನು ಏನು ಮಾಡುತ್ತಿದ್ದಾನೆ ಎಂದು ನಾನು ಯೋಚಿಸಿರಲಿಲ್ಲ. ನನಗೆ ಅಷ್ಟು ಗಟ್ಟಿ ಮನಸ್ಸಿಲ್ಲ. ಯಾರಾದರೂ ನೋಡಿದರೆ ನನ್ನ ನಾಟಕದ ದನಿ ಮತ್ತೆ ಬಂದುಬಿಡುತ್ತದೆ. ಅದಕ್ಕೆ ಐದು ಗಂಟೆಗೆ ಮಾಳಿಗೆ ಹತ್ತಿ ನೀರಿನ ಟಾಕಿಯ ಹಿಂದೆ ಕೂರುತ್ತೇನೆ. ಅಲ್ಲಿ ಚಿಲಕವಿಲ್ಲ, ಪಾರಿವಾಳಗಳ ಹೊಲಸು ಬೇರೆ. ಹೋದ ತಿಂಗಳು ಹನ್ನೊಂದು ದಿನ ತಪ್ಪಿದೆ. ನಾಲ್ಕು ದಿನ ಮಳೆಗೆ, ಏಳು ದಿನ ಬರೀ ಸೋಮಾರಿತನಕ್ಕೆ.